ಮನೆಯಲ್ಲಿ 16 ಟಿಬಿ ಇಡೋಕೆ ಯಾವ ಕಂಪನಿಯ ಹಾರ್ಡ್ ಡಿಸ್ಕ್ ನಂಬಬಹುದು?

ಬಳ್ಳಾರಿಯಿಂದ ಕೇಳಿದ್ದೀರಿ: ಮದುವೆ ವಿಡಿಯೋಗಳು ತುಂಬಿಹೋಗಿವೆ, ನಾಲ್ಕು ಡಿಸ್ಕ್ ಹಾಕಿ ರೈಡ್ (ಒಂದು ಕೆಟ್ಟರೂ ಕೆಲಸ ನಡೆಯುವಂತೆ ಹಲವು ಡಿಸ್ಕುಗಳನ್ನು ಒಂದಾಗಿ ಓಡಿಸುವುದು) ಮಾಡಬೇಕು, ಯಾವ ಕಂಪನಿ ಗಟ್ಟಿ ಅಂತ. ಕೆಲ ವರ್ಷದ ಹಿಂದೆ ರಾಯಚೂರಿನಲ್ಲಿ ಕೂತು ನಾನೂ ಇದನ್ನೇ ಕೇಳುತ್ತಿದ್ದೆ. ಹತ್ತು ಜನ ಹೇಳಿದ ಕಂಪನಿಯದನ್ನೇ ತಂದೆ, ಡಬ್ಬದ ಮೇಲೆ ‘ನಾಸ್’ (ನೆಟ್‌ವರ್ಕಿಗೆ ಹಚ್ಚಿ ಓಡಿಸುವ ಸ್ಟೋರೇಜ್ ಪೆಟ್ಟಿಗೆ) ಅಂತ ದಪ್ಪಕ್ಷರದಲ್ಲೇ ಇತ್ತು. ಆದರೂ ಕೂಡಿಟ್ಟಿದ್ದೆಲ್ಲ ಹೋಯಿತು. ಆ ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅದನ್ನು ಬಿಟ್ಟು ಇನ್ನೊಂದನ್ನು ತಂದು ಅದೇ ಗುಂಡಿಗೆ ಬೀಳುತ್ತೀರಿ.

ನನ್ನ ತಪ್ಪು ಒಂದೇ. ಡಿಸ್ಕಿನ ಸ್ಟಿಕ್ಕರ್ ಮೇಲಿನ ಮಾಡೆಲ್ ನಂಬರ್ ಓದಲಿಲ್ಲ. ಅಂಗಡಿಯವರು “ನಾಸ್ ಡಿಸ್ಕೇ ರೀ, ಕಣ್ಮುಚ್ಚಿ ತಗೊಳ್ರಿ” ಅಂದರು, ಕಣ್ಮುಚ್ಚಿಯೇ ತಗೊಂಡೆ. ನಾಲ್ಕೂ 4 ಟಿಬಿ, ನಾಲ್ಕೂ ಎಸ್‌ಎಂಆರ್.

ಎಸ್‌ಎಂಆರ್ ಅಂದರೇನು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಎಲ್ಲ ಇಲ್ಲೇ ಇದೆ. ಡಿಸ್ಕಿನ ಒಳಗೆ ಬರೆಯುವ ಹೆಡ್ ಅಗಲ, ಓದುವ ಹೆಡ್ ಸಣ್ಣದು. ಮಾಮೂಲಿ ಸಿಎಂಆರ್ ಡಿಸ್ಕಿನಲ್ಲಿ ಪ್ರತಿ ಟ್ರ್ಯಾಕಿಗೂ (ತಟ್ಟೆಯ ಮೇಲೆ ಡೇಟಾ ಬರೆಯುವ ಸುತ್ತಿಗೂ) ತನ್ನದೇ ಪೂರ್ತಿ ಜಾಗ. ಎಸ್‌ಎಂಆರ್‌ನಲ್ಲಿ ಒಂದು ಟ್ರ್ಯಾಕಿನ ಅಂಚಿನ ಮೇಲೆ ಮುಂದಿನದನ್ನು ಹತ್ತಿಸಿ ಬರೆಯುತ್ತಾರೆ, ಥೇಟ್ ಹೆಂಚು ಹೊದಿಸಿದ ಹಾಗೆ. ಓದುವ ಹೆಡ್‌ಗೆ ಹೊರಗೆ ಕಾಣುವ ಅಂಚೇ ಸಾಕು, ಹಾಗಾಗಿ ಅದೇ ತಟ್ಟೆಯಲ್ಲಿ ಹೆಚ್ಚು ಡೇಟಾ ಹಿಡಿಯುತ್ತದೆ, ಕಂಪನಿಗೆ ಖರ್ಚು ಉಳಿಯುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕೆಂದರೆ ಅದರ ಮೇಲೆ ಹತ್ತಿರುವ ಸಾಲನ್ನೆಲ್ಲ ಎತ್ತಬೇಕಲ್ಲ? ಡಿಸ್ಕೂ ಅದನ್ನೇ ಮಾಡುತ್ತದೆ: ಎಷ್ಟೋ ಎಂಬಿಯ ಒಂದಿಡೀ ಪಟ್ಟಿಯನ್ನು ಓದಿ, ತಿದ್ದಿ, ಮತ್ತೆ ಬರೆಯುತ್ತದೆ. ಈ ಒದ್ದಾಟ ನಮಗೆ ಕಾಣದಿರಲಿ ಅಂತ ಒಳಗೇ ಒಂದಷ್ಟು ಜಾಗವನ್ನು ಸಿಎಂಆರ್ ಆಗಿ ಬಿಟ್ಟಿರುತ್ತಾರೆ. ಹೊಸ ಡೇಟಾ ಮೊದಲು ಅಲ್ಲಿಗೆ ಬೀಳುತ್ತದೆ, ಕೆಲಸವಿಲ್ಲದಾಗ ನಿಧಾನಕ್ಕೆ ತನ್ನ ಜಾಗಕ್ಕೆ ಹೋಗುತ್ತದೆ. ಅದಕ್ಕೇ ಮೊದಲ ದಿನದ ಸ್ಪೀಡ್ ಟೆಸ್ಟಿನಲ್ಲಿ ಸೆಕೆಂಡಿಗೆ 150 ಎಂಬಿ ಬರುತ್ತದೆ, ನಾವು ಖುಷಿಪಡುತ್ತೇವೆ. ಬಿಡುವಿಲ್ಲದೆ ಬರೆಯುತ್ತಾ ಹೋದರೆ ಆ ಜಾಗ ತುಂಬುತ್ತದೆ, ಆಮೇಲೆ ವೇಗ ಹತ್ತಿಪ್ಪತ್ತು ಎಂಬಿಗೂ ಕುಸಿಯಬಹುದು.

ಡಿಸ್ಕಿಗೆ ಬಿಡುವೇ ಸಿಗದ ಕೆಲಸ ಅಂದರೆ ರೈಡ್‌ನ ರೀಬಿಲ್ಡ್, ಅಂದರೆ ಕೆಟ್ಟ ಡಿಸ್ಕಿನ ಡೇಟಾವನ್ನು ಉಳಿದವುಗಳಿಂದ ಹೊಸ ಡಿಸ್ಕಿಗೆ ಮತ್ತೆ ಕಟ್ಟುವುದು. ನನ್ನದು ಝಡ್‌ಎಫ್‌ಎಸ್ ಅನ್ನುವ ವ್ಯವಸ್ಥೆಯಲ್ಲಿ ನಾಲ್ಕನ್ನೂ ಸೇರಿಸಿ ಮಾಡಿದ ರೈಡ್ ಪೂಲ್, ನಾಲ್ಕರಲ್ಲಿ ಒಂದು ಹೋದರೂ ನಡೆಯುವಂಥದ್ದು. ಒಂದು ಹೋಯಿತು, ಅದೇ ಮಾಡೆಲ್‌ನ ಹೊಸದು ಹಾಕಿದೆ. ಸಿಎಂಆರ್ ಆಗಿದ್ದರೆ 4 ಟಿಬಿಗೆ ಸೆಕೆಂಡಿಗೆ ಸರಾಸರಿ 120 ಎಂಬಿ ಲೆಕ್ಕದಲ್ಲಿ ಒಂಬತ್ತು ಹತ್ತು ಗಂಟೆಯ ಕೆಲಸ. ನನಗೆ ಮೂರನೇ ದಿನವೂ ಅರ್ಧ ದಾಟಿರಲಿಲ್ಲ. ಅದರ ನಡುವೆ ಹೊಸ ಮದುವೆಯ ಮೆಮೊರಿ ಕಾರ್ಡುಗಳನ್ನು ಅದೇ ಪೂಲಿಗೆ ಸುರಿಯುತ್ತಿದ್ದೆ! ಹೆಂಚು ಎತ್ತಿಡುವುದರಲ್ಲಿ ಮುಳುಗಿದ ಹೊಸ ಡಿಸ್ಕ್ ಎಷ್ಟೋ ಸೆಕೆಂಡು ಉತ್ತರವನ್ನೇ ಕೊಡುವುದಿಲ್ಲ. ಸಿಸ್ಟಮ್ ಅದನ್ನು ಸತ್ತಿದೆ ಅಂದುಕೊಂಡು ಪೂಲಿನಿಂದ ಹೊರಗೆ ಹಾಕಿತು. ಅಷ್ಟರಲ್ಲಿ ಮೇ ತಿಂಗಳ ಕೋಣೆಯಲ್ಲಿ ಮೂರು ದಿನ ಹಗಲೂ ರಾತ್ರಿ ಓದಿಸಿಕೊಂಡ ಹಳೆಯ ಡಿಸ್ಕೊಂದು ಕೈಕೊಟ್ಟಿತು. ನಾಲ್ಕರಲ್ಲಿ ಎರಡು ಹೋದ ಮೇಲೆ ಆ ಪೂಲಿನಲ್ಲಿ ತೆಗೆಯಲು ಏನೂ ಉಳಿದಿರಲಿಲ್ಲ.

ಒಮ್ಮೆ ಬರೆದು ಆಮೇಲೆ ಬರೀ ಓದುವುದಕ್ಕೆ ಎಸ್‌ಎಂಆರ್ ಡಿಸ್ಕ್ ತೊಂದರೆಯಿಲ್ಲ. ರೈಡ್‌ಗೆ ಬೇಡ.

ಈಗ ನಿಮ್ಮ ಕಂಪನಿ ಪ್ರಶ್ನೆ. ಇವತ್ತು ಹಾರ್ಡ್ ಡಿಸ್ಕ್ ಮಾಡುವವರು ಇರುವುದೇ ಮೂರು ಮಂದಿ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಮ್ಯಾಕ್ಸ್‌ಟರ್ 2006ರಲ್ಲಿ, ಸ್ಯಾಮ್‌ಸಂಗ್‌ನ ಡಿಸ್ಕ್ ವ್ಯಾಪಾರ 2011ರಲ್ಲಿ ಸೀಗೇಟ್ ಪಾಲಾದವು. ಹಿಟಾಚಿಯ ಡಿಸ್ಕ್ ಕಂಪನಿ 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ ಸೇರಿತು. ಮೂವರೂ ಒಳ್ಳೆಯದನ್ನೂ ಮಾಡುತ್ತಾರೆ, ಮೂವರೂ ಎಸ್‌ಎಂಆರ್ ಅನ್ನೂ ಮಾರುತ್ತಾರೆ. ಬ್ಯಾಕ್‌ಬ್ಲೇಜ್ ಅನ್ನುವ ಬ್ಯಾಕಪ್ ಕಂಪನಿ ತಾನು ಓಡಿಸುವ ಲಕ್ಷಗಟ್ಟಲೆ ಡಿಸ್ಕುಗಳಲ್ಲಿ ಯಾವುದು ಎಷ್ಟು ಕೆಟ್ಟಿತು ಅಂತ ಮಾಡೆಲ್‌ವಾರು ಪಟ್ಟಿ ಹಾಕುತ್ತದೆ. ಅದರಲ್ಲಿ ಸೀಗೇಟ್‌ನ 3 ಟಿಬಿಯ ಎಸ್‌ಟಿ3000ಡಿಎಂ001 ಸಿಕ್ಕಾಪಟ್ಟೆ ಕೆಟ್ಟು ಹೆಸರು ಕೆಡಿಸಿಕೊಂಡಿತು. ಅದೇ ಸೀಗೇಟ್‌ನ ಬೇರೆ ಮಾಡೆಲ್‌ಗಳು ಅದೇ ಪಟ್ಟಿಯಲ್ಲಿ ವರ್ಷಗಟ್ಟಲೆ ಚೆನ್ನಾಗಿ ಓಡಿವೆ. ಆದ್ದರಿಂದ ಬ್ರ್ಯಾಂಡ್ ಕೇಳಬೇಡಿ, ಮಾಡೆಲ್ ಕೇಳಿ.

ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನಲ್ಲಿ 2ರಿಂದ 6 ಟಿಬಿವರೆಗಿನ ‘ಇಎಫ್‌ಎಎಕ್ಸ್’ ಅಕ್ಷರದವು ಎಸ್‌ಎಂಆರ್. ಇದು 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆಯಾದ ಮೇಲೆಯೇ ಸಿಎಂಆರ್ ಡಿಸ್ಕುಗಳಿಗೆ ‘ರೆಡ್ ಪ್ಲಸ್’ ಅನ್ನುವ ಬೇರೆ ಹೆಸರು ಬಂದದ್ದು. ತಮಾಷೆ ಅಂದರೆ 8 ಟಿಬಿ ಮತ್ತು ಅದಕ್ಕೂ ದೊಡ್ಡ ಇಎಫ್‌ಎಎಕ್ಸ್ ಡಿಸ್ಕುಗಳು ಸಿಎಂಆರ್. ಅಕ್ಷರ ಒಂದೇ, ಒಳಗಿರುವುದು ಬೇರೆ. ಅದಕ್ಕೇ ನಂಬರನ್ನು ಪೂರ್ತಿ ಓದಿ ಕಂಪನಿಯ ಸೈಟಿನಲ್ಲಿ ತಾಳೆ ನೋಡಬೇಕು. ಸೀಗೇಟ್‌ನಲ್ಲಿ ‘ಡಿಎಂ’ ಅಂದರೆ ಬರಾಕುಡಾ, ಅದರ 8 ಟಿಬಿಯ ಎಸ್‌ಟಿ8000ಡಿಎಂ004 ಎಸ್‌ಎಂಆರ್. ‘ವಿಎನ್’ ಅಂದರೆ ಐರನ್‌ವುಲ್ಫ್, ‘ಎನ್‌ಎಂ’ ಅಂದರೆ ಎಕ್ಸೋಸ್, ಇವೆರಡೂ ನಿಮಗೆ ಆಗುತ್ತವೆ. ತೋಷಿಬಾದಲ್ಲಿ ಎನ್300 ತಗೊಳ್ಳಿ, ದೊಡ್ಡ ಪಿ300 ಬೇಡ. ಡಿಸ್ಕ್ ಆಗಲೇ ಕೈಯಲ್ಲಿದ್ದರೆ ಡಿಸ್ಕಿನ ವಿವರ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರ್ ತೆರೆದು ಫೀಚರ್ಸ್ ಸಾಲು ನೋಡಿ. ತಿರುಗುವ ಡಿಸ್ಕಿಗೆ ‘ಟ್ರಿಮ್’ ಅಂತ ತೋರಿಸಿದರೆ ಅದು ಬಹುತೇಕ ಎಸ್‌ಎಂಆರ್.

ಇನ್ನು ನಿಮಗೆ ಇಷ್ಟವಾಗದ ಮಾತು: ನಾಲ್ಕು ಡಿಸ್ಕಿನ ರೈಡ್ ನಿಮಗೆ ಬೇಡವೇ ಬೇಡ. ರೈಡ್ ಇರುವುದು ಡಿಸ್ಕ್ ಕೆಟ್ಟ ದಿನವೂ ಕೆಲಸ ನಿಲ್ಲದಿರಲಿ ಅಂತ. ತಪ್ಪಿ ಡಿಲೀಟ್ ಮಾಡಿದರೆ, ವೈರಸ್ ಬಂದರೆ, ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಸುಟ್ಟು ನಾಲ್ಕಕ್ಕೂ ಹೈ ವೋಲ್ಟೇಜ್ ಹೊಡೆದರೆ ಅದು ಕಾಪಾಡುವುದಿಲ್ಲ. 16 ಟಿಬಿಯ ಸಿಎಂಆರ್ ಡಿಸ್ಕ್ ಎರಡು ತಗೊಳ್ಳಿ, ಬೇರೆ ಬೇರೆ ಅಂಗಡಿಯಲ್ಲಿ, ಸಾಧ್ಯವಾದರೆ ಬೇರೆ ಬೇರೆ ಕಂಪನಿಯದು. ಒಂದು ಕಂಪ್ಯೂಟರಿನಲ್ಲಿರಲಿ. ಇನ್ನೊಂದಕ್ಕೆ ವಾರಕ್ಕೊಮ್ಮೆ ಕಾಪಿ ಮಾಡಿ ಬಿಚ್ಚಿ ಇಡಿ, ಸಾಧ್ಯವಾದರೆ ಬೇರೆ ಮನೆಯಲ್ಲಿ. ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಅಕ್ಕನ ಮನೆಯಿದ್ದರೆ ತಿಂಗಳಿಗೊಮ್ಮೆ ಆದರೂ ನಡೆಯುತ್ತದೆ. ವಿಂಡೋಸ್ 16ರ ಬದಲು 14.5 ಚಿಲ್ಲರೆ ತೋರಿಸುತ್ತದೆ. ಅದು ಮೋಸವಲ್ಲ, ಲೆಕ್ಕದ ಕ್ರಮ ಬೇರೆ.

ತಂದ ಕೂಡಲೇ ಡೇಟಾ ತುಂಬಬೇಡಿ. ಮೊದಲು ಅದೇ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಪವರ್ ಆನ್ ಅವರ್ಸ್ (ಡಿಸ್ಕ್ ಇದುವರೆಗೆ ಓಡಿದ ಗಂಟೆ) ನೋಡಿ, ಹೊಸದಕ್ಕೆ ಸೊನ್ನೆಯೋ ಅದರ ಹತ್ತಿರವೋ ಇರಬೇಕು. ಹಾಗಿದ್ದರೂ ಪೂರ್ತಿ ನಂಬಬೇಡಿ. 2025ರ ಆರಂಭದಲ್ಲಿ ಓಡಿಸಿ ಬಿಟ್ಟ ಸೀಗೇಟ್ ಡಿಸ್ಕುಗಳ ಗಂಟೆ ಅಳಿಸಿ ಹೊಸದೆಂದು ಮಾರಿದ್ದು ಬಯಲಾಯಿತು. ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ, ಭಾರತದಲ್ಲಿ ವಾರಂಟಿ ಇದೆಯಾ ನೋಡಿ, ಬಿಲ್ಲಿನ ಮೇಲೂ ಆ ನಂಬರ್ ಬರೆಸಿ. ಆಮೇಲೆ ಕ್ವಿಕ್ ಬಿಟ್ಟು ಫುಲ್ ಫಾರ್ಮ್ಯಾಟ್ ಕೊಡಿ. 16 ಟಿಬಿಗೆ ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಅದು ಮುಗಿದ ಮೇಲೆ ಸ್ಮಾರ್ಟ್‌ನ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಪರೀಕ್ಷಿಸಿ ದಾಖಲಿಸುವ ವ್ಯವಸ್ಥೆ) ಎಕ್ಸ್‌ಟೆಂಡೆಡ್ ಟೆಸ್ಟ್ ಮಾಡಿ. ಸಾಯುವ ಡಿಸ್ಕ್ ಅಂಗಡಿ ವಾಪಸ್ ತಗೊಳ್ಳುವ ವಾರದೊಳಗೆ ಸತ್ತರೆ ಒಳ್ಳೆಯದು. ಕೊರಿಯರ್‌ನಲ್ಲಿ ಬರೀ ಕವರಿನಲ್ಲಿ ಬಂದರೆ ತೆರೆಯದೆ ವಾಪಸ್ ಕಳಿಸಿ.

ನಮ್ಮ ಕಡೆ ಬಿಸಿಲು, ಧೂಳು, ಕರೆಂಟು ಮೂರೂ ಶತ್ರುಗಳೇ. ಏಪ್ರಿಲ್-ಮೇನಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಗಾಳಿಯಾಡದ ಕ್ಯಾಬಿನೆಟ್‌ನಲ್ಲಿ ಡಿಸ್ಕ್ 55 ಮುಟ್ಟುತ್ತದೆ. ಡಿಸ್ಕಿನ ಎದುರಿಗೇ 120 ಮಿಮೀ ಫ್ಯಾನ್ ಹಾಕಿ, ಎರಡು ಡಿಸ್ಕ್ ನಡುವೆ ಒಂದು ಸ್ಲಾಟ್ ಖಾಲಿ ಬಿಡಿ, 45ರ ಒಳಗಿರಲಿ. ಬಳ್ಳಾರಿಯ ಅದಿರಿನ ಧೂಳು ಡಿಸ್ಕಿನ ಒಳಗೆ ಹೋಗುವುದಿಲ್ಲ, ಆದರೆ ಫ್ಯಾನಿನ ಜಾಳಿಗೆ ಕಟ್ಟಿಕೊಂಡು ಗಾಳಿ ನಿಲ್ಲಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಜಾಳಿಯನ್ನು ಬಿಚ್ಚಿ ತೊಳೆಯಿರಿ. ಮನೆಯ ಇನ್ವರ್ಟರ್ ಇದೆಯಲ್ಲ ಅಂತ ಸುಮ್ಮನಿರಬೇಡಿ. ಅದರಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಕಂಪ್ಯೂಟರಿಗೆ 600 ವಿಎ ಯುಪಿಎಸ್ ಬೇರೆಯೇ ಇರಲಿ. ಬರೆಯುವಾಗ ಕರೆಂಟ್ ಹೋದರೆ ಕ್ಯಾಶ್‌ನಲ್ಲಿದ್ದದ್ದು (ತಟ್ಟೆಗೆ ಬರೆಯುವ ಮುನ್ನ ತಾತ್ಕಾಲಿಕವಾಗಿ ಇಟ್ಟ ಡೇಟಾ) ಹೋದಂತೆಯೇ. ಮೊಲೆಕ್ಸ್‌ನಿಂದ (ಹಳೆಯ ನಾಲ್ಕು ಪಿನ್ನಿನ ಪವರ್ ಕನೆಕ್ಟರ್) ಈಗಿನ ಡಿಸ್ಕಿನ ಸಾಟಾಗೆ ಬದಲಿಸುವ ಅಗ್ಗದ ಪವರ್ ಕನೆಕ್ಟರ್‌ಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ. ಪ್ಲಾಸ್ಟಿಕ್ ಅಚ್ಚಿನೊಳಗೆ ವೈರು ಒಂದಕ್ಕೊಂದು ತಾಗಿ ಬೆಂಕಿ ಹತ್ತಬಹುದು.

ತಿಂಗಳಿಗೊಮ್ಮೆ ಸ್ಮಾರ್ಟ್ ನೋಡುವಾಗ ಕಣ್ಣಿಡಬೇಕಾದ್ದು 5, 187, 197, 198 ನಂಬರಿನ ಸಾಲುಗಳ ಮೇಲೆ, ಇವು ಕೆಟ್ಟ ಜಾಗ ಮತ್ತು ಓದಲಾಗದ ದೋಷಗಳ ಎಣಿಕೆ. ಈ ನಾಲ್ಕರ ರಾ ವ್ಯಾಲ್ಯೂ (ನೇರ ಎಣಿಕೆ) ಸೊನ್ನೆ ಇರಬೇಕು. ಲಕ್ಷಕ್ಕೂ ಹೆಚ್ಚು ಡಿಸ್ಕ್ ಇಟ್ಟು ಗೂಗಲ್‌ನವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕ್ಯಾನ್‌ನಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಸಾಯುವ ಸಾಧ್ಯತೆ ಉಳಿದವುಗಳಿಗಿಂತ 39 ಪಟ್ಟು ಹೆಚ್ಚಿತ್ತು. ಹಾಗಾಗಿ ಒಂದು ಕಂಡರೂ ಅವತ್ತೇ ಕಾಪಿ ಮಾಡಿಕೊಂಡು ಬದಲಿ ತನ್ನಿ. 199 ಒಂದೇ ಏರುತ್ತಿದ್ದರೆ ಗಾಬರಿ ಬೇಡ, ತಪ್ಪು ಬಹುತೇಕ ಸಾಟಾ ಕೇಬಲ್‌ದೇ ಇರುತ್ತದೆ. ಹೊಸ ಕೇಬಲ್ ಹಾಕಿದ ಮೇಲೂ ಆ ಎಣಿಕೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು.