ಉಪಕಾರ ಮಾಡಿದವರ ಪ್ಲಗಿನ್ ಎಲ್ಲರ ಕೆಲಸ ತಡೆಯುತ್ತಿದ್ದರೆ?

ಪ್ರಶ್ನೆ: ನಾನು ವಿಜಯಪುರದವಳು. ಪುಣೆಯ ಹಿಂಜವಡಿಯಲ್ಲಿರುವ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನನಗೆ ಈ ಕೆಲಸ ಸಿಕ್ಕಿದ್ದು ನಮ್ಮ ಕಡೆಯವರೇ ಆದ ಒಬ್ಬ ಹಿರಿಯ ಎಂಜಿನಿಯರರ ಶಿಫಾರಸಿನಿಂದ. ಅವರನ್ನು ನಾನು ಅಣ್ಣಾರು ಎಂದೇ ಕರೆಯುತ್ತೇನೆ. ವಾಕಡ್‌ನಲ್ಲಿ ಕೋಣೆ ಸಿಗುವವರೆಗೂ ಅವರ ಮನೆಯಲ್ಲಿದ್ದೆ; ವೈನಿ ನನ್ನನ್ನು ಸ್ವಂತ ತಂಗಿಯಂತೆ ನೋಡಿಕೊಂಡರು. ನಮ್ಮ ತಂಡದವರೆಲ್ಲರೂ ವರ್ಚುವಲ್ ಮಷೀನುಗಳನ್ನು (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರು) ವೇಗ್ರಂಟ್ ಎಂಬ ಉಪಕರಣದ ಮೂಲಕ ನಡೆಸುತ್ತೇವೆ. ಮಷೀನಿಗೆ ಬಳಸುವ ಬೇಸ್ ಬಾಕ್ಸ್, ಅಂದರೆ ಮಷೀನ್ ಕಟ್ಟುವ ಸಿದ್ಧ ಅಚ್ಚು, ಕಂಪನಿ ಒಪ್ಪಿದ ಆವೃತ್ತಿಯೇ ಎಂದು ಆಫೀಸಿನ ಸರ್ವರನ್ನು ಕೇಳಿ ತಿಳಿಯುವ ಒಂದು ಪ್ಲಗಿನ್ನನ್ನು (ವೇಗ್ರಂಟ್ ಜೊತೆ ಸೇರಿಸುವ ಹೆಚ್ಚುವರಿ ಕೋಡು) ಅಣ್ಣಾರು 2016ರಲ್ಲಿ ಬರೆದಿದ್ದಾರೆ. ಈಗ ಬಹುತೇಕರು ಮನೆಯಿಂದ, ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಮೂಲಕ ಕೆಲಸ ಮಾಡುವುದರಿಂದ, ಯಾವ ಆಜ್ಞೆ ಕೊಟ್ಟರೂ ಅದು ಶುರುವಾಗುವುದಕ್ಕೇ ಅರ್ಧ ನಿಮಿಷ ಬೇಕು. ನಾನು ಆ ಪ್ಲಗಿನ್ನನ್ನು ನನ್ನ ಲ್ಯಾಪ್‌ಟಾಪಿನಿಂದ ತೆಗೆದುಹಾಕಿದೆ, ಯಾರಿಗೂ ಹೇಳಲಿಲ್ಲ. ಈಗ ಮ್ಯಾನೇಜರು ಈ ನಿಧಾನಕ್ಕೆ ಕಾರಣ ಹುಡುಕಿ ವರದಿ ಕೊಡಲು ನನಗೇ ಹೇಳಿದ್ದಾರೆ. ಅಣ್ಣಾರ ಅಪ್ರೈಸಲ್ ಹತ್ತಿರದಲ್ಲಿದೆ. ಅವ್ವ ಫೋನಿನಲ್ಲಿ “ಉಂಡ ಮನೆಯ ಜಂತೆ ಎಣಿಸಬೇಡ” ಎನ್ನುತ್ತಾಳೆ. ಸುಮ್ಮನಿರಲೇ, ವರದಿ ಬರೆಯಲೇ, ಇಲ್ಲ ವೈನಿಯ ಮೂಲಕ ಹೇಳಿಸಲೇ?
— ಹೆಸರು ಬೇಡ, ವಾಕಡ್

ಉತ್ತರ: ಅಣ್ಣಾರ ಪ್ಲಗಿನ್ನಿನ ಬಗ್ಗೆ ವಿವರವಾಗಿ ಬರೆದ ನೀವು, ಅದನ್ನು ಸದ್ದಿಲ್ಲದೆ ತೆಗೆದುಹಾಕಿದ ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದೇ ಮೊದಲು ಕಣ್ಣಿಗೆ ಬಿತ್ತು. ಒಪ್ಪಿಗೆಯಿಲ್ಲದ ಹಳೆಯ ಬಾಕ್ಸಿನ ಮೇಲೆ ಯಾರೂ ಮಷೀನ್ ಎಬ್ಬಿಸಬಾರದು ಎಂಬ ಕಾವಲಿಗಾಗಿಯೇ ಆ ಪ್ಲಗಿನ್ ಇದೆ. ತಂಡದಲ್ಲಿ ಉಳಿದವರೆಲ್ಲರೂ ಬೈದುಕೊಳ್ಳುತ್ತಲೇ ಆ ಕಾವಲಿಗೆ ಒಳಪಟ್ಟು ಕೆಲಸ ಮಾಡುತ್ತಿದ್ದಾರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಅದು ಇಲ್ಲ. ನಾಳೆ ನೀವು ವರದಿ ಕೊಟ್ಟಾಗ ಮ್ಯಾನೇಜರು ಕೇಳುವ ಮೊದಲ ಪ್ರಶ್ನೆ “ನಿಮಗೆ ಹೇಗೆ ಗೊತ್ತಾಯಿತು?” ಎಂಬುದೇ ಆಗಿರುತ್ತದೆ, ಮತ್ತು ಅದಕ್ಕಿರುವ ನಿಜವಾದ ಉತ್ತರ ಅಣ್ಣಾರಿಗಿಂತ ನಿಮಗೇ ಹೆಚ್ಚು ಮುಜುಗರ ತರುವಂಥದ್ದು. ಆದ್ದರಿಂದ ಇವತ್ತೇ ಪ್ಲಗಿನ್ನನ್ನು ಮತ್ತೆ ಹಾಕಿಕೊಳ್ಳಿ. ಅರ್ಧ ನಿಮಿಷದ ಕಾಯುವಿಕೆಯನ್ನು ಇನ್ನು ಕೆಲವು ದಿನ ಎಲ್ಲರ ಜೊತೆ ನೀವೂ ಸಹಿಸಿಕೊಳ್ಳಬೇಕಾಗುತ್ತದೆ.

ಅವ್ವ ಹೇಳಿದ ಮಾತು ಸುಳ್ಳಲ್ಲ, ಆದರೆ ಅದು ಊಟ ಹಾಕಿದ ಮನೆಗೆ ಸಲ್ಲುವ ಮಾತು. ಅಣ್ಣಾರ ಮನೆಯ ಬಗ್ಗೆ ನೀವು ಯಾರ ಬಳಿಯೂ ಆಡಿಕೊಂಡಿಲ್ಲ, ಆಡಿಕೊಳ್ಳುವವರೂ ಅಲ್ಲ. ಪ್ಲಗಿನ್ ಕಂಪನಿಯದು, ಅದನ್ನು ಬರೆಯಲು ಅವರಿಗೆ ಸಂಬಳ ಸಿಕ್ಕಿದೆ, ಅದರ ದೋಷ ಹುಡುಕಲು ನಿಮಗೆ ಸಂಬಳ ಸಿಗುತ್ತಿದೆ. ವಿಜಯಪುರ, ಕಲಬುರಗಿ ಕಡೆಯಿಂದ ಸೊಲ್ಲಾಪುರದ ಮೇಲೆ ರೈಲು ಹತ್ತಿ ಪುಣೆಗೆ ಬರುವ ನಮ್ಮ ಹುಡುಗ ಹುಡುಗಿಯರಿಗೆ ಮೊದಲ ಕೋಣೆ, ಮೊದಲ ಸಂದರ್ಶನ ದೊರಕಿಸುವವರು ಊರ ಕಡೆಯವರೇ ಆಗಿರುತ್ತಾರೆ. ಆ ಋಣವನ್ನು ಆಫೀಸಿನಲ್ಲಿ ಮೌನವಾಗಿದ್ದು ತೀರಿಸುವ ರೂಢಿಯನ್ನೂ ನಾನು ಸಾಕಷ್ಟು ಕಂಡಿದ್ದೇನೆ, ಮತ್ತು ಅದರಿಂದ ಉಪಕಾರ ಮಾಡಿದವರಿಗೆ ಒಳಿತಾದದ್ದನ್ನು ಕಂಡಿಲ್ಲ. ತಂಡದ ಕಿರಿಯರು ಅವರ ಬೆನ್ನ ಹಿಂದೆ ಈಗಾಗಲೇ ಮಾತಾಡುತ್ತಿರಬೇಕು. ಅದು ಅವರ ಕಿವಿಗೆ ಬೀಳುವ ಮೊದಲು ನಿಮ್ಮ ಬಾಯಿಂದ ವಿಷಯ ತಿಳಿಯುವುದೇ ಅವರಿಗೆ ಸಿಗಬೇಕಾದ ಗೌರವ.

ಹೇಳುವ ಮೊದಲು ನಿಮ್ಮ ಮಾತು ಗಟ್ಟಿಯಾಗಿರಬೇಕು. “ತೆಗೆದೆ, ವೇಗವಾಯಿತು” ಎಂಬಷ್ಟರಿಂದ ಒಬ್ಬರ ಎಂಟು ಹತ್ತು ವರ್ಷಗಳ ಕೆಲಸದ ಮೇಲೆ ಬೆರಳು ತೋರಿಸಲಾಗದು. ವೇಗ್ರಂಟ್ ಹೇಗೆ ಏಳುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಅದು ರೂಬಿ ಭಾಷೆಯಲ್ಲಿ ಬರೆದ ಉಪಕರಣ. ತನಗೆ ಬೇಕಾದ ರೂಬಿಯನ್ನು ತನ್ನ ಜೊತೆಯಲ್ಲೇ ತರುತ್ತದೆ. ಆಜ್ಞೆ ಕೊಟ್ಟ ಕೂಡಲೇ ಅದು ಬಳಕೆದಾರರ ಹೋಮ್ ಫೋಲ್ಡರಿನಲ್ಲಿರುವ ಪ್ಲಗಿನ್ ಪಟ್ಟಿಯನ್ನು, ಜೊತೆಗೆ ಆ ಪ್ರಾಜೆಕ್ಟಿಗೇ ಸೀಮಿತವಾದ ಪಟ್ಟಿ ಇದ್ದರೆ ಅದನ್ನೂ ಓದುತ್ತದೆ. ಎಲ್ಲ ಪ್ಲಗಿನ್ನುಗಳು ಅವಲಂಬಿಸಿರುವ ಜೆಮ್‌ಗಳ (ರೂಬಿ ಕೋಡಿನ ಪೊಟ್ಟಣಗಳ) ಆವೃತ್ತಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಒಂದೊಂದು ಪ್ಲಗಿನ್ನಿನ ಮುಖ್ಯ ಫೈಲನ್ನೂ ಲೋಡ್ ಮಾಡುತ್ತದೆ. ಪ್ರಾಜೆಕ್ಟಿನ ಮಷೀನು ಹೇಗಿರಬೇಕೆಂದು ಬರೆದಿರುವ ವೇಗ್ರಂಟ್‌ಫೈಲ್ ಓದುವುದು, ಕೇಳಿದ ಕೆಲಸ ಮಾಡುವುದು ಇದೆಲ್ಲ ಮುಗಿದ ಮೇಲೆ. ನೀವು ಮಷೀನ್ ಎಬ್ಬಿಸಲು ಹೇಳಿದ್ದರೂ, ಬರೀ ಸ್ಟೇಟಸ್ ಕೇಳಿದ್ದರೂ ಲೋಡಿಂಗ್ ಮಾತ್ರ ತಪ್ಪದು. ಲೋಡ್ ಆಗುವ ಕ್ಷಣದಲ್ಲೇ ಒಂದು ಪ್ಲಗಿನ್ ಸರ್ವರಿಗೆ ಕರೆ ಮಾಡಿದರೆ, ಯಾರೂ ಇಳಿಯದ ನಿಲ್ದಾಣದಲ್ಲೂ ಗಾಡಿ ನಿಂತು ಸಿಗ್ನಲಿಗೆ ಕಾದಂತಾಗುತ್ತದೆ.

ಇದನ್ನು ಅಳೆಯುವ ದಾರಿಗಳಿವೆ. ವರ್ಷನ್ ಕೇಳುವ --version ಆಯ್ಕೆಗೆ ವೇಗ್ರಂಟ್ ಪ್ಲಗಿನ್ನುಗಳನ್ನು ಮುಟ್ಟದೆಯೇ ಉತ್ತರಿಸುತ್ತದೆ. ಅದು ಥಟ್ಟನೆ ಬಂದು ಸ್ಟೇಟಸ್ ಮಾತ್ರ ತಡವಾದರೆ, ವಿಳಂಬ ನಡುವಿನ ಹಂತಗಳಲ್ಲೆಲ್ಲೋ ಇದೆ ಎಂದಾಯಿತು. ಪ್ಲಗಿನ್ ಪಟ್ಟಿ ತೋರಿಸುವ ಆಜ್ಞೆಯಿಂದ ಮಾತ್ರ ಏನನ್ನೂ ತೀರ್ಮಾನಿಸಬೇಡಿ. ಕೆಟ್ಟ ಪ್ಲಗಿನ್ ಒಂದು ಬಂದು ಕುಳಿತರೂ ಅದನ್ನು ಹೊರಹಾಕಲು ಸಾಧ್ಯವಿರಲಿ ಎಂದು, ಪ್ಲಗಿನ್ ನಿರ್ವಹಣೆಯ ಆಜ್ಞೆಗಳು ಹೊರಗಿನ ಪ್ಲಗಿನ್ನುಗಳನ್ನು ಲೋಡ್ ಮಾಡದಂತೆಯೇ ಅದನ್ನು ಕಟ್ಟಿದ್ದಾರೆ. ಎಲ್ಲ ಪ್ಲಗಿನ್ನುಗಳನ್ನೂ ಒಮ್ಮೆಗೇ ತಡೆಯುವ ‘ನೋ ಪ್ಲಗಿನ್ಸ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಆಜ್ಞೆ ಕೊಡುವ ಮೊದಲು ಇಡುವ ಸೆಟ್ಟಿಂಗ್) ಇದೆ, ಆದರೆ ಅದರಲ್ಲೂ ಒಂದು ಮೋಸವಿದೆ: ಮಷೀನುಗಳನ್ನು ನಿಜವಾಗಿ ಓಡಿಸುವ ತಂತ್ರಾಂಶಗಳಲ್ಲಿ ವರ್ಚುವಲ್‌ಬಾಕ್ಸಿನ ಬೆಂಬಲ ವೇಗ್ರಂಟ್ ಒಳಗೇ ಇದ್ದರೂ ವಿಎಂವೇರ್, ಲಿಬ್‌ವರ್ಟ್‌ಗಳ ಬೆಂಬಲ ಬರುವುದು ಪ್ಲಗಿನ್ನುಗಳಿಂದ. ನಿಮ್ಮ ತಂಡ ಅವುಗಳಲ್ಲೊಂದನ್ನು ಬಳಸುತ್ತಿದ್ದರೆ, ಎಲ್ಲವನ್ನೂ ತಡೆದು ಉಳಿಸಿದ ಸಮಯವನ್ನೆಲ್ಲ ಅಣ್ಣಾರ ಲೆಕ್ಕಕ್ಕೆ ಬರೆಯುವುದು ಅನ್ಯಾಯವಾಗುತ್ತದೆ. ವೇಗ್ರಂಟ್ ಹೋಮ್ ಫೋಲ್ಡರನ್ನು ಬೇರೆ ಖಾಲಿ ಜಾಗಕ್ಕೆ ತಿರುಗಿಸಿ, ಅಲ್ಲಿ ಅವರ ಪ್ಲಗಿನ್ ಒಂದನ್ನೇ ಹಾಕಿ ಮತ್ತು ತೆಗೆದು ಹೋಲಿಸುವುದು ಹೆಚ್ಚು ಪ್ರಾಮಾಣಿಕವಾದ ಪರೀಕ್ಷೆ. ಹೊಸ ಜಾಗದಲ್ಲಿ ಬಾಕ್ಸುಗಳಿರುವುದಿಲ್ಲವಾದ್ದರಿಂದ ಸಹಾಯದ ಪಠ್ಯ ತೋರಿಸುವಂಥ ಹಗುರ ಆಜ್ಞೆಯಿಂದಲೇ ಅಳೆಯಿರಿ. ಒಮ್ಮೆ ವಿಪಿಎನ್ ಹಾಕಿ, ಒಮ್ಮೆ ಆಫೀಸಿನಲ್ಲಿ ಕುಳಿತು ಅಳೆಯಿರಿ. ವೇಗ್ರಂಟ್ ತನ್ನ ಹೆಜ್ಜೆಗಳನ್ನು ಬರೆದು ತೋರಿಸುವ ಡೀಬಗ್ ಲಾಗಿಗೆ ಗಂಟೆ ನಿಮಿಷಗಳನ್ನು ಸೇರಿಸಿ ಮುದ್ರಿಸುವ ಆಯ್ಕೆಯೂ ಇದೆ. ಎಲ್ಲಿ ನಿಂತಿತು ಎಂಬುದು ಅಲ್ಲಿ ಕಾಣುತ್ತದೆ.

ಬೇರೆ ಶಂಕಿತರನ್ನೂ ವಿಚಾರಿಸದೆ ಬಿಡಬೇಡಿ. ವೇಗ್ರಂಟ್ ತನ್ನ ಹೊಸ ಆವೃತ್ತಿ ಬಂದಿದೆಯೇ ಎಂದು ಇಂಟರ್ನೆಟ್ಟಿನಲ್ಲಿ ಕೇಳುತ್ತದೆ, ಅದನ್ನು ನಿಲ್ಲಿಸಿ ನೋಡಬಹುದು. ವೇಗ್ರಂಟ್‌ಫೈಲ್ ಸ್ವತಃ ರೂಬಿ ಪ್ರೋಗ್ರಾಮು; ಅದರೊಳಗೆ ಯಾರಾದರೂ ಹೊರಗಿನ ಆಜ್ಞೆಯೊಂದನ್ನು ಓಡಿಸುವ ಸಾಲು ಬರೆದಿದ್ದರೆ, ಅದು ಪ್ರತಿ ಸಲವೂ ಓಡುತ್ತದೆ. ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಆ್ಯಂಟಿವೈರಸ್ ನೂರಾರು ಸಣ್ಣ ರೂಬಿ ಫೈಲುಗಳನ್ನು ತಡಕಾಡುವುದೂ ಒಂದು ಕಾರಣವಾಗಿರಬಹುದು. ಇವೆಲ್ಲ ಸೇರಿ ಅರ್ಧ ನಿಮಿಷದಲ್ಲಿ ಐದಾರು ಸೆಕೆಂಡುಗಳನ್ನು ತಿನ್ನುತ್ತಿದ್ದರೂ ಅಣ್ಣಾರ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಮತ್ತು ಅದನ್ನು ನೀವೇ ಮೊದಲು ಹೇಳಿದರೆ ನಿಮ್ಮ ಉಳಿದ ಮಾತಿಗೆ ಬೆಲೆ ಬರುತ್ತದೆ.

ಈಗ ಅವರ ತಪ್ಪು ಎಷ್ಟು ಎಂಬುದಕ್ಕೆ ಬರುತ್ತೇನೆ. 2016ರಲ್ಲಿ ಸರ್ವರು ಮತ್ತು ಬಳಸುವವರು ಒಂದೇ ಜಾಲದಲ್ಲಿದ್ದರು. ಆ ಕರೆಗೆ ಉತ್ತರ ಬರುವುದು ಯಾರ ಗಮನಕ್ಕೂ ಬಂದಿರಲಾರದು. ಜನ ಮನೆಗೆ ಹೋದರು, ಕರೆ ಅಲ್ಲೇ ಉಳಿಯಿತು. ಇನ್ನೊಂದು ಸಂಗತಿಯೂ ಅವರ ಪರವಾಗಿದೆ: ಮಷೀನ್ ಏಳುವ ಮೊದಲು ಒಂದು ಕೆಲಸ ಮಾಡಿಸಬೇಕೆಂದರೆ ಇವತ್ತು ವೇಗ್ರಂಟ್‌ಫೈಲಿನಲ್ಲೇ ಟ್ರಿಗರ್ ಬರೆದರೆ ಸಾಕು, ಆದರೆ ಟ್ರಿಗರ್ ಸೌಲಭ್ಯ ವೇಗ್ರಂಟ್ ಒಳಗೆ ಬಂದಿದ್ದು 2018ರ 2.1 ಆವೃತ್ತಿಯಲ್ಲಿ. ಅವರು ಬರೆದಾಗ ಪ್ಲಗಿನ್ ಬರೆಯುವುದು ಸಹಜವಾದ ದಾರಿಯಾಗಿತ್ತು. ಹಾಗೆಂದು ತಪ್ಪೇ ಇಲ್ಲ ಎಂದು ನಾನು ಹೇಳಲಾರೆ. 2013ರಲ್ಲಿ 1.1 ಆವೃತ್ತಿಯೊಂದಿಗೆ ಬಂದ ಪ್ಲಗಿನ್ ವ್ಯವಸ್ಥೆಯಲ್ಲಿ, ಲೋಡ್ ಆಗುವಾಗ ಪ್ಲಗಿನ್ ತನ್ನಲ್ಲಿ ಏನೇನಿದೆ ಎಂದು ಘೋಷಿಸಿದರೆ ಸಾಕು. ನಿಜವಾದ ಕೋಡನ್ನು ಒಂದು ಬ್ಲಾಕಿನೊಳಗೆ ಇಟ್ಟರೆ, ಅದು ಬೇಕಾದಾಗ ಮಾತ್ರ ತೆರೆದುಕೊಳ್ಳುತ್ತದೆ. ಮಷೀನ್ ಎಬ್ಬಿಸುವ ಹಂತಕ್ಕೆ ಮಾತ್ರ ಕೊಕ್ಕೆ ಹಾಕುವ ಆ್ಯಕ್ಷನ್ ಹುಕ್ ಎಂಬ ಅನುಕೂಲವೂ ಆಗಲೇ ಇತ್ತು. ಸರ್ವರಿನ ಕರೆಯನ್ನು ಅಲ್ಲಿ ಇಡದೆ ಮುಖ್ಯ ಫೈಲಿನ ಮೈಯಲ್ಲೇ ಇಟ್ಟಿದ್ದು ಆತುರದ ಕೆಲಸ. ಅಣ್ಣಾರಂಥ ಅನುಭವಿಗೆ ಇದನ್ನು ವಿವರಿಸುವ ಅಗತ್ಯ ಬೀಳದು. ಲಾಗ್ ತೋರಿಸಿದರೆ ತಾವೇ ಗುರುತಿಸುತ್ತಾರೆ. ಸಮಾಧಾನಪಡಿಸಲೆಂದು “ಆಗ ಬೇರೆ ದಾರಿಯೇ ಇರಲಿಲ್ಲ ಅಣ್ಣಾರೆ” ಎಂದು ಮಾತ್ರ ಹೇಳಬೇಡಿ. ಅವರಿಗೆ ಗೊತ್ತಿರುವ ವಿಷಯದಲ್ಲಿ ಸುಳ್ಳು ಹೇಳಿದರೆ ಅನುಕಂಪ ತೋರಿಸುತ್ತಿದ್ದೀರಿ ಎಂದು ನೊಂದುಕೊಳ್ಳುತ್ತಾರೆ.

ವೈನಿಯ ಮೂಲಕ ಹೇಳಿಸುವ ಯೋಚನೆಯನ್ನು ಪೂರ್ತಿ ಕೈಬಿಡಿ. ಗಂಡನ ಆಫೀಸಿನ ಕೆಲಸದಲ್ಲಿ ದೋಷವಿದೆ ಎಂಬ ಮಾತನ್ನು ಅಡುಗೆಮನೆಯಿಂದ ಹೊತ್ತು ತರುವ ಸ್ಥಿತಿಗೆ ಆ ತಾಯಿಯನ್ನು ತರುವುದು ತಪ್ಪು. ಜೊತೆಗೆ ಅಣ್ಣಾರಿಗೆ, ಮನೆಯಲ್ಲಿ ಮೊದಲು ಚರ್ಚೆಯಾಗಿ ತಮಗೆ ಕೊನೆಯಲ್ಲಿ ತಿಳಿಯಿತು ಎಂಬ ನೋವೂ ಸೇರುತ್ತದೆ. ಅವರ ಮನೆಗೆ ಊಟಕ್ಕೆ ಹೋದಾಗಲೂ ಇದನ್ನು ಎತ್ತಬೇಡಿ. ಇಬ್ಬರೂ ಆಫೀಸಿಗೆ ಬರುವ ದಿನ ಒಂದು ಮೀಟಿಂಗ್ ಕೋಣೆಯಲ್ಲಿ ಕುಳಿತು ಮಾತಾಡಿ. ಮೊದಲು ನಿಮ್ಮದನ್ನು ಹೇಳಿ: “ಅಣ್ಣಾರೆ, ನಿಮ್ಮ ಪ್ಲಗಿನ್ನನ್ನು ನಾನು ಕೇಳದೆ ನನ್ನ ಲ್ಯಾಪ್‌ಟಾಪಿನಿಂದ ತೆಗೆದಿದ್ದೆ, ಈಗ ಮತ್ತೆ ಹಾಕಿದ್ದೇನೆ.” ಆಮೇಲೆ ಅಳತೆಗಳನ್ನು ಮುಂದಿಡಿ, ಮ್ಯಾನೇಜರು ವರದಿ ಕೇಳಿರುವುದನ್ನೂ ತಿಳಿಸಿ. ಪರಿಹಾರವನ್ನು ಅವರೇ ಬರೆಯಲು ಇಷ್ಟಪಡುತ್ತಾರೆಯೇ, ನೀವು ಬರೆದು ಅವರು ಪರಿಶೀಲಿಸಬೇಕೇ ಎಂದು ಕೇಳಿ. ಆಗಬೇಕಾದ ಕೆಲಸವೂ ದೊಡ್ಡದಲ್ಲ: ಕರೆಯನ್ನು ಮಷೀನ್ ಏಳುವ ಹಂತಕ್ಕೆ ಸರಿಸುವುದು, ಸರ್ವರು ಎರಡು ಮೂರು ಸೆಕೆಂಡಿನಲ್ಲಿ ಉತ್ತರಿಸದಿದ್ದರೆ ಏನು ಮಾಡಬೇಕೆಂದು ನಿರ್ಧರಿಸುವುದು. ಈ ಎರಡನೆಯದು ಭದ್ರತೆಯ ಪ್ರಶ್ನೆ. ಉತ್ತರ ಬಾರದಾಗ ಮಷೀನ್ ಏಳಲು ಬಿಡಬೇಕೇ, ತಡೆಯಬೇಕೇ ಎಂಬುದನ್ನು ನೀವಿಬ್ಬರೇ ತೀರ್ಮಾನಿಸದೆ ಮ್ಯಾನೇಜರ ಒಪ್ಪಿಗೆ ಪಡೆಯಿರಿ. ಬಾಕ್ಸುಗಳನ್ನು ಆವೃತ್ತಿಯ ಸಂಖ್ಯೆಗಳೊಂದಿಗೆ ಇಟ್ಟಿದ್ದರೆ, ಹೊಸ ಆವೃತ್ತಿ ಬಂದಿದೆಯೇ ಎಂದು ವೇಗ್ರಂಟ್ ತಾನೇ ನೋಡುತ್ತದೆ. ಹಾಗಾಗಿ ಪ್ಲಗಿನ್ನಿನ ಅರ್ಧ ಕೆಲಸ ಇನ್ನು ಬೇಕಾಗದೆಯೂ ಇರಬಹುದು. ಅದನ್ನು ಅವರೇ ಹೇಳಲಿ.

ಅಪ್ರೈಸಲ್ ಬಗ್ಗೆ ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ಅದಕ್ಕಾಗಿ ವರದಿಯನ್ನು ಮುಂದೂಡಬೇಡಿ. ತಂಡವನ್ನು ಕಾಡುತ್ತಿದ್ದ ನಿಧಾನವನ್ನು ತಾವೇ ಸರಿಪಡಿಸಿದರು ಎಂಬ ದಾಖಲೆ, ಕಿರಿಯಳೊಬ್ಬಳು ಮುಚ್ಚಿಟ್ಟಿದ್ದು ಆಮೇಲೆ ಹೊರಬಿತ್ತು ಎಂಬ ಸುದ್ದಿಗಿಂತ ಅವರಿಗೆ ಎಷ್ಟೋ ಒಳ್ಳೆಯದು. ವರದಿಯಲ್ಲಿ ವ್ಯಕ್ತಿಯ ಹೆಸರು ಬೇಕಿಲ್ಲ. ಯಾವ ಹಂತದಲ್ಲಿ ಎಷ್ಟು ಸೆಕೆಂಡು, ವಿಪಿಎನ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು, ಏನು ಬದಲಾಗಬೇಕು ಎಂದಿಷ್ಟು ಬರೆಯಿರಿ. ನೀವು ಪ್ಲಗಿನ್ ತೆಗೆದಿದ್ದ ದಿನಗಳ ಬಗ್ಗೆ ಒಂದು ವಾಕ್ಯವೂ ಅದರಲ್ಲಿರಲಿ, ಆ ಅವಧಿಯಲ್ಲಿ ನಿಮ್ಮ ಮಷೀನು ಯಾವ ಬಾಕ್ಸಿನ ಮೇಲಿತ್ತು ಎಂಬುದರ ಸಮೇತ. ಡೀಬಗ್ ಲಾಗನ್ನು ಹಾಗೆಯೇ ಲಗತ್ತಿಸಬೇಡಿ; ಅದರಲ್ಲಿ ಸರ್ವರಿನ ವಿಳಾಸಗಳು, ಕೆಲವೊಮ್ಮೆ ಗುಟ್ಟಿನ ಟೋಕನ್ನುಗಳೂ ಸೇರಿಕೊಂಡಿರುತ್ತವೆ.

ಅಣ್ಣಾರು ಸಿಟ್ಟಾಗಿ “ಅದೆಲ್ಲ ನೆಟ್‌ವರ್ಕಿನ ಸಮಸ್ಯೆ, ನೀನು ಸುಮ್ಮನಿರು” ಎಂದರೆ ವಾದಕ್ಕಿಳಿಯಬೇಡಿ. ವರದಿಯ ಕರಡನ್ನು ಅವರಿಗೆ ಕಳುಹಿಸಿ, ಮ್ಯಾನೇಜರಿಗೆ ಕೊಡುವ ದಿನವನ್ನು ತಿಳಿಸಿ, ಅವರು ತಿದ್ದಿದ ಅಳತೆಗಳಿದ್ದರೆ ಸೇರಿಸಿ, ಆ ದಿನವೇ ಕೊಡಿ. ನೆಟ್‌ವರ್ಕಿನದೇ ದೋಷ ಎಂಬುದು ಅರ್ಧ ನಿಜವೂ ಹೌದು; ಅದನ್ನೂ ಅವರ ಮಾತಿನಲ್ಲೇ ವರದಿಯಲ್ಲಿ ದಾಖಲಿಸಿ.