ಡಾಕ್ಟರ ಪರ ವಾದಿಸಿದರೆ ತಪ್ಪೇ?

ಆತ್ಮೀಯ ಓದುಗರೇ,

ನಿರ್ಲಕ್ಷ್ಯದ ಕೇಸುಗಳಲ್ಲಿ ಡಾಕ್ಟರು, ನರ್ಸುಗಳ ಪರ ನಿಲ್ಲುವ ವಕೀಲರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ನೀವು ಸಿಟ್ಟಿನಿಂದಲೇ ಕೇಳಿದ್ದೀರಿ: 'ಆಪರೇಷನ್ ಆದ ನಾಲ್ಕನೇ ದಿನ ನಮ್ಮಮ್ಮ ಹೋದರು. ತಪ್ಪು ಮಾಡಿದವರನ್ನು ಬಚಾವ್ ಮಾಡೋದನ್ನ ದೊಡ್ಡ ವಿದ್ಯೆ ಅಂತ ಹೊಗಳ್ತೀರಲ್ಲ, ಸರೀನಾ?'

ಈ ನೋವಿನ ಮುಂದೆ ವಾದಕ್ಕೆ ಕೂರುವುದು ಕಷ್ಟ. ನಿಮ್ಮ ತಾಯಿಯ ವಿಷಯದಲ್ಲಿ ತೀರ್ಪು ಕೊಡುವುದು ನನ್ನ ಕೆಲಸವೂ ಅಲ್ಲ. ಆದರೆ 'ತಪ್ಪು ಮಾಡಿದವರು' ಅಂತ ನೀವು ಮೊದಲೇ ತೀರ್ಮಾನಿಸಿಬಿಟ್ಟಿದ್ದೀರಿ. ಅದು ಹೌದೋ ಅಲ್ಲವೋ ಅಂತ ನೋಡಲಿಕ್ಕೇ ಕೇಸು ನಡೆಯುವುದು, ಅಲ್ವಾ?

ಒಂದು ಹಳೆಯ ಕೇಸು ಹೇಳುತ್ತೇನೆ. 1947ರಲ್ಲಿ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಒಂದೇ ದಿನ ಇಬ್ಬರಿಗೆ ಬೆನ್ನಿಗೆ ಅರಿವಳಿಕೆ ಕೊಟ್ಟರು. ಇಬ್ಬರಿಗೂ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಔಷಧಿಯ ಗಾಜಿನ ಆಂಪ್ಯೂಲ್‌ಗಳನ್ನು ಶುದ್ಧವಾಗಿರಲಿ ಅಂತ ಫಿನಾಲ್ ಅನ್ನುವ ಕ್ರಿಮಿನಾಶಕದಲ್ಲಿ ಮುಳುಗಿಸಿ ಇಡುತ್ತಿದ್ದರು. ಕಣ್ಣಿಗೆ ಕಾಣದ ಬಿರುಕುಗಳಿಂದ ಫಿನಾಲ್ ಒಳಗೆ ಇಳಿದಿತ್ತು ಅಂತ ಕೋರ್ಟು ಕಂಡುಕೊಂಡಿತು. ಹೀಗಾಗಬಹುದು ಅನ್ನುವುದು ಆಗ ಡಾಕ್ಟರುಗಳಿಗೆ ತಿಳಿದಿರಲಿಲ್ಲ. ಹಾಗಾಗಿ ನಿರ್ಲಕ್ಷ್ಯವಲ್ಲ ಅಂತ 1954ರಲ್ಲಿ ತೀರ್ಪಾಯಿತು. '1947ರ ಅವಘಡವನ್ನು 1954ರ ಕನ್ನಡಕ ಹಾಕಿಕೊಂಡು ನೋಡಬಾರದು' ಅಂದರು ನ್ಯಾಯಮೂರ್ತಿ ಡೆನಿಂಗ್. ಆ ಇಬ್ಬರಿಗೆ ಪರಿಹಾರ ಸಿಗಲಿಲ್ಲ. ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಆದರೂ ಡಾಕ್ಟರನ್ನು ಯಾವ ಬಾಯಲ್ಲಿ ಬೈಯುವುದು?

ತಪ್ಪು ಇದ್ದೂ ಕೇಸು ಬೀಳುವುದುಂಟು. 1966ರಲ್ಲಿ, ಅದೂ ಇಂಗ್ಲೆಂಡಿನಲ್ಲೇ, ಚಹಾ ಕುಡಿದು ವಾಂತಿ ಮಾಡುತ್ತಿದ್ದ ಮೂವರು ಕಾವಲುಗಾರರು ಆಸ್ಪತ್ರೆಗೆ ಬಂದರು. ಡ್ಯೂಟಿ ಡಾಕ್ಟರು ನೋಡಲೂ ಇಲ್ಲ. 'ಮನೆಗೆ ಹೋಗಿ ನಿಮ್ಮ ಡಾಕ್ಟರನ್ನು ಕರೆಸಿಕೊಳ್ಳಿ' ಅಂತ ಫೋನಿನಲ್ಲೇ ಹೇಳಿ ಕಳಿಸಿದರು. ಕೆಲವೇ ಗಂಟೆಗಳಲ್ಲಿ ಒಬ್ಬರು ಸತ್ತರು. ಚಹಾದಲ್ಲಿ ಆರ್ಸೆನಿಕ್ ಅನ್ನುವ ವಿಷ ಇತ್ತು. ನೋಡದೆ ಕಳಿಸಿದ್ದು ತಪ್ಪೇ ಅಂತ ಕೋರ್ಟು ಒಪ್ಪಿತು. ಆದರೆ ನೋಡಿದ್ದರೂ ಮದ್ದು ಸಮಯಕ್ಕೆ ಸಿಗುತ್ತಿರಲಿಲ್ಲ, ಸಾವು ತಪ್ಪುತ್ತಿರಲಿಲ್ಲ. ಕೇಸು ಬಿತ್ತು.

ಇನ್ನು ಆ 'ವಿದ್ಯೆ'ಯ ವಿಷಯ. ಡಾಕ್ಟರ ಪರ ವಕೀಲರಿಗೆ ಮೊದಲು ಬೇಕಾಗುವುದು ಕೇಸ್ ಶೀಟ್. ರೋಗಿಯನ್ನು ಎಷ್ಟು ಹೊತ್ತಿಗೆ ನೋಡಿದರು, ಯಾರಿಗೆ ಏನು ಹೇಳಿದರು, ಯಾಕೆ ಆ ಔಷಧಿ, ಎಲ್ಲ ಅವತ್ತೇ ಬರೆದಿದ್ದರೆ ಅರ್ಧ ಕೆಲಸ ಮುಗಿದಂತೆ. ಬರೆಯದೆ ಬಿಟ್ಟದ್ದನ್ನು ನೋಟಿಸ್ ಬಂದ ಮೇಲೆ ತುಂಬಿದರೆ ಮುಗೀತು, ನಿರಪರಾಧಿಯೂ ಕಳ್ಳನ ಹಾಗೆ ಕಾಣುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಈಗ ಕಂಪ್ಯೂಟರಿನ ದಾಖಲೆಯನ್ನು ಯಾರು, ಎಷ್ಟು ಹೊತ್ತಿಗೆ ತಿದ್ದಿದರು ಅನ್ನುವುದೂ ಉಳಿದಿರುತ್ತದೆ. ಸಹಿ ಮಾಡಿಸಿಕೊಂಡ ಒಪ್ಪಿಗೆ ಪತ್ರವನ್ನೇ ರಕ್ಷಾಕವಚ ಅಂದುಕೊಳ್ಳುವ ಡಾಕ್ಟರುಗಳೂ ಇದ್ದಾರೆ. ಅಪಾಯವನ್ನು ಕೂತು ವಿವರಿಸದೆ ಸುಮ್ನೆ ಸಹಿ ಹಾಕಿಸಿದ್ದರೆ ಆ ಕಾಗದದ ಬೆಲೆ ಅಷ್ಟಕ್ಕಷ್ಟೇ.

ನಿಮ್ಮ ಒಂದು ಸಾಲು ನನ್ನನ್ನು ಜಾಸ್ತಿ ಕಾಡಿತು: 'ಅಮ್ಮ ಹೋದ ಮೇಲೆ ಒಬ್ಬರೂ ನಮ್ಮ ಹತ್ತಿರ ಬಂದು ಮಾತಾಡಲಿಲ್ಲ.' ಬಾಯಿ ಬಿಟ್ಟರೆ ಕೇಸಿಗೆ ಕುತ್ತು ಅನ್ನುವ ಹಳೆಯ ಭಯ ಇದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ಇದನ್ನು ತಿರುಗಿಸಿ ನೋಡಿದವು. ತಪ್ಪಾಗಿದ್ದರೆ ತಾವೇ ಹೇಳಿ, ಕ್ಷಮೆ ಕೇಳಿ, ಪರಿಹಾರ ಕೊಡುವುದು. ತಪ್ಪಿಲ್ಲದಿದ್ದರೆ ಗಟ್ಟಿಯಾಗಿ ವಾದಿಸುವುದು. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ದಾವೆಗಳ ಪ್ರಮಾಣ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಅದಕ್ಕೆ ಇದೊಂದೇ ಕಾರಣ ಅನ್ನಲಾಗದು. ಆದರೆ ಬಾಯಿ ಬಿಟ್ಟರೆ ಕೇಸು ಹೆಚ್ಚುತ್ತದೆ ಅನ್ನುವ ಭಯವಂತೂ ನಿಜವಾಗಲಿಲ್ಲ.

ನೀವು ಕೇಸ್ ಶೀಟಿನ ಪೂರ್ತಿ ಪ್ರತಿ ಕೇಳಿ ತರಿಸಿಕೊಳ್ಳಿ. ಆ ಆಸ್ಪತ್ರೆಗೆ ಸಂಬಂಧವಿಲ್ಲದ, ಅದೇ ವಿಭಾಗದ ಡಾಕ್ಟರೊಬ್ಬರಿಗೆ ಓದಿಸಿ. ಎದುರು ಪಕ್ಷದ ವಕೀಲರೂ ಇದನ್ನೇ ಮಾಡುತ್ತಾರೆ.

ಕೊನೆಗೆ, ಆ ಲೇಖನಕ್ಕೆ 'ಗೆಲ್ಲುವ ಕಲೆ' ಅಂತ ಹೆಸರಿಟ್ಟದ್ದು ಲೇಖಕರಲ್ಲ, ನಾನು. ನಿಮ್ಮಂಥವರು ಅದನ್ನು ಹೇಗೆ ಓದುತ್ತೀರಿ ಅಂತ ಯೋಚಿಸಲಿಲ್ಲ. ಕ್ಷಮಿಸಿ.

– ಸಂಪಾದಕ