ಮೂರು ಪುಟ ಅಪ್ಪ, ಒಂದು ಸಾಲು ಬಿರುಕು

ಸಾಗರದ ಓದುಗರೊಬ್ಬರ ಪತ್ರದಿಂದ: "ಕಳೆದ ಸಂಚಿಕೆಯ ಚಿತ್ರಕಲೆ ಲೇಖನದಲ್ಲಿ ಎಣ್ಣೆ, ಬಟ್ಟೆ, ಅಳತೆಗಳ ಲೆಕ್ಕವೇ ತುಂಬಿತ್ತು. ಕಲಾವಿದ ಯಾವ ನೋವಿನಿಂದ ಬರೆದ ಎನ್ನುವುದಲ್ಲವೇ ನಮಗೆ ಬೇಕಾದದ್ದು? ಅಪ್ಪ ತೀರಿಕೊಂಡ ಮೇಲೆ ಅವರ ಖಾಲಿ ಆರಾಮಕುರ್ಚಿಯನ್ನು ಹಾರ್ಡ್‌ಬೋರ್ಡಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದೆ. ಆ ಅನುಭವವೇ ಚಿತ್ರ, ಉಳಿದದ್ದೆಲ್ಲ ಬರೀ ಕಸುಬು. ಮರೆತಿದ್ದೆ: ಕುರ್ಚಿಯ ಕಪ್ಪಿನ ಮೇಲೆ ಹಚ್ಚಿದ ಬಿಳಿ ಪಂಚೆ ಒಂದೇ ಮಳೆಗಾಲಕ್ಕೆ ಬಿರುಕು ಬಿಟ್ಟಿದೆ. ಯಾಕಿರಬಹುದು?"

ಮಾನ್ಯರೇ,

ಅನುಭವವಿಲ್ಲದ ಚಿತ್ರ ಕ್ಯಾಲೆಂಡರಿಗೆ ಸಾಕು, ಒಪ್ಪಿದೆ. ಆದರೆ ನಿಮ್ಮ ಪತ್ರದಲ್ಲಿ ಅಪ್ಪನಿಗೆ ಮೂರು ಪುಟ, ಬಿರುಕಿಗೆ ಒಂದು ಸಾಲು. ಅದೂ "ಮರೆತಿದ್ದೆ" ಎಂದು. ನನಗೆ ಇಡೀ ಪತ್ರದಲ್ಲಿ ಹಿಡಿಸಿದ್ದು ಆ ಸಾಲು. ನೀವು ಚಿತ್ರದ ಬಗ್ಗೆ ಮಾತಾಡಿರುವುದು ಅಲ್ಲೊಂದೇ ಕಡೆ.

ಸಾವಿನ ನೆನಪನ್ನು ಚಿತ್ರವಾಗಿಸಿದವರಲ್ಲಿ ನಾರ್ವೆಯ ಎಡ್ವರ್ಡ್ ಮುಂಕ್‌ನನ್ನು ಮೀರಿಸುವವರು ಕಡಿಮೆ. ಐದನೆಯ ವಯಸ್ಸಿಗೆ ತಾಯಿಯನ್ನು ಕ್ಷಯಕ್ಕೆ ಕಳೆದುಕೊಂಡ. 1877ರಲ್ಲಿ ಅದೇ ಕ್ಷಯಕ್ಕೆ ಹದಿನೈದರ ಅಕ್ಕ ಸೋಫಿ ಹೋದಳು. ಅದೇ 'ರೋಗಿ ಬಾಲಕಿ' ಚಿತ್ರವಾಯಿತು ಎಂದು ಎಲ್ಲರೂ ಬರೆಯುತ್ತಾರೆ. ಸುಳ್ಳಲ್ಲ. ಆದರೆ ಅವನು ಆ ಚಿತ್ರಕ್ಕೆ ಕೈ ಹಾಕಿದ್ದು 1885ರಲ್ಲಿ, ಎಂಟು ವರ್ಷ ಕಳೆದ ಮೇಲೆ. ಕುರ್ಚಿಯಲ್ಲಿ ದಿಂಬಿಗೆ ಒರಗಿ ಕೂತವಳು ಸೋಫಿ ಅಲ್ಲ, ಬೆಟ್ಸಿ ನಿಲ್ಸನ್ ಎಂಬ ಕೆಂಗೂದಲಿನ ಹುಡುಗಿ. ವೈದ್ಯನಾದ ತಂದೆಯ ಜತೆ ರೋಗಿಯ ಮನೆಗೆ ಹೋದಾಗ ಅವನ ಕಣ್ಣಿಗೆ ಬಿದ್ದವಳು. ತಲೆ ತಗ್ಗಿಸಿದ ಹೆಂಗಸನ್ನು ನೋಡಿ ನಾವು ತಾಯಿ ಎಂದುಕೊಂಡು ಕಣ್ಣು ಒರೆಸಿಕೊಳ್ಳುತ್ತೇವೆ. ಸೋಫಿ ಸಾಯುವ ಹೊತ್ತಿಗೇ ತಾಯಿ ಹೋಗಿ ಸುಮಾರು ಒಂಬತ್ತು ವರ್ಷವಾಗಿತ್ತು. ಅದಕ್ಕೆ ಕೂತವಳು ಚಿಕ್ಕಮ್ಮ ಕಾರೆನ್.

ಮುಪ್ಪಿನಲ್ಲಿ ಈ ಚಿತ್ರವನ್ನು ನೆನೆದು ಬರೆದಾಗ ಮುಂಕ್ ಹೇಳಿದ್ದೇನು ಗೊತ್ತೇ? ಒಂದು ವರ್ಷದುದ್ದಕ್ಕೂ ಮತ್ತೆ ಮತ್ತೆ ಬರೆದೆ, ಕೆರೆದು ತೆಗೆದೆ, ಬಣ್ಣವನ್ನು ತೆಳ್ಳಗೆ ಮಾಡಿ ಹರಿಯಬಿಟ್ಟೆ ಎಂದು. ನೋಡುವಾಗ ತನ್ನ ರೆಪ್ಪೆಗೂದಲೂ ದೃಷ್ಟಿಗೆ ಅಡ್ಡ ಬರುತ್ತಿದೆ ಎಂದು ಹೊಳೆದು, ಅದನ್ನೂ ನೆರಳಿನ ಹಾಗೆ ಚಿತ್ರದೊಳಗೆ ತಂದೆ ಎಂದು. ದುಃಖದಲ್ಲಿ ಅವನಿಗೆ ಯಾರ ಸಾಕ್ಷಿಯೂ ಬೇಕಿರಲಿಲ್ಲ. ಆದರೂ ಮಾತು ಹೋದದ್ದು ಕೆರೆತಕ್ಕೆ, ರೆಪ್ಪೆಗೆ. ಓಸ್ಲೋದಲ್ಲಿರುವ ಆ ಕ್ಯಾನ್ವಾಸಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೀಚಿದ ಗುರುತುಗಳು ಇಂದಿಗೂ ಇವೆ. 1886ರಲ್ಲಿ 'ಅಭ್ಯಾಸ' ಎಂಬ ಹೆಸರಿನಲ್ಲಿ ಪ್ರದರ್ಶಿಸಿದಾಗ ಜನ ನಕ್ಕರು, ವಿಮರ್ಶಕರು ಅರೆಬೆಂದದ್ದು ಎಂದರು.

ಅದೇ ಸಾವನ್ನು ಅವನು ನಾಲ್ಕು ದಶಕಗಳಲ್ಲಿ ಆರು ಸಲ ಎಣ್ಣೆಬಣ್ಣದಲ್ಲಿ ಬರೆದ. ಅನುಭವವೇ ಚಿತ್ರವಾಗಿದ್ದರೆ ಆರೂ ಒಂದೇ ಆಗಬೇಕಿತ್ತಲ್ಲ? ಮೊದಲನೆಯದು ಗಾಯ ಮಾಗಿದ ಚರ್ಮದಂತಿದೆ. ಲಂಡನ್ನಿನ ಟೇಟ್‌ನಲ್ಲಿರುವ 1907ರದ್ದರಲ್ಲಿ ಹಸಿರು, ಕೆಂಪು ಗೀರುಗಳು ಸುರಿಯುತ್ತವೆ. 1896ರಲ್ಲಿ ಪ್ಯಾರಿಸ್ಸಿನ ಮುದ್ರಕ ಕ್ಲೋನ ಬಳಿ ಹುಡುಗಿಯ ತಲೆಯನ್ನಷ್ಟೇ ಕಲ್ಲಚ್ಚು (ಲಿಥೋಗ್ರಾಫ್) ಮಾಡಿಸಿದ. ಕಲ್ಲುಗಳ ಮುಂದೆ ಕಣ್ಣು ಮುಚ್ಚಿ ನಿಂತು, ಗಾಳಿಯಲ್ಲಿ ಬೆರಳಾಡಿಸುತ್ತ ಬೂದು, ಹಸಿರು, ನೀಲಿ, ಕಂದು ಎಂದು ಬಣ್ಣ ಹೇಳುತ್ತಿದ್ದನಂತೆ. ಅಲ್ಲಿದ್ದ ಕಲಾವಿದ ಪಾಲ್ ಹೆರ್ಮನ್ ಇದನ್ನು ನೆನಪಿಸಿಕೊಂಡಿದ್ದಾನೆ. ನೀವು "ಬರೀ ಕಸುಬು" ಎಂದಿರಿ. ಈ ಕಣ್ಣು ಮುಚ್ಚಿದ್ದನ್ನು ಯಾವ ಕಡೆಗೆ ಹಾಕುತ್ತೀರಿ?

ತಪ್ಪು ನಿಮ್ಮೊಬ್ಬರದೇ ಅಲ್ಲ. ನಾವು ಪತ್ರಿಕೆಯವರೇ ಈ ಚಟ ಹಿಡಿಸಿದ್ದು. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರೆಂದರೆ ಹುಟ್ಟೂರು ಕಟ್ಟಿಂಗೇರಿ, ಬಾಲ್ಯದ ಯಕ್ಷಗಾನ ಎಂದು ಬರೆದು ಎದ್ದುಬಿಡುತ್ತೇವೆ. ಅವರ ರೇಖಾಚಿತ್ರಗಳ ಆ 'ಹಾಡುವ ಗೆರೆ' ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ತುಂಡಾಗುತ್ತದೆ, ಉಳಿದದ್ದನ್ನು ನೋಡುವವನ ಕಣ್ಣಿಗೆ ಎಲ್ಲಿ ಬಿಡುತ್ತದೆ ಎಂದು ಬರೆಯುವುದಕ್ಕೆ ಚಿತ್ರವನ್ನು ನೋಡಬೇಕಾಗುತ್ತದೆ, ಬಾಲ್ಯಕ್ಕೆ ಅದು ಬೇಡ. ಗ್ಯಾಲರಿಗಳಲ್ಲೋ, ಕಲಾವಿದನ ವೇದನೆಗೆ ಗೋಡೆಯುದ್ದದ ಫಲಕ. ಮಾಧ್ಯಮ ಏನೆಂದರೆ ಬೆರಳಗಲದ ಚೀಟಿಯಲ್ಲಿ 'ಮಿಕ್ಸ್ಡ್ ಮೀಡಿಯಾ'. ಏನು ಸಾರು ಎಂದು ಕೇಳಿದವರಿಗೆ 'ಮಿಶ್ರ ಪದಾರ್ಥ' ಎಂದ ಹಾಗೆ.

ಇರಲಿ, ನಿಮ್ಮ ಬಿರುಕಿಗೆ ಬರೋಣ. ಎಣ್ಣೆಬಣ್ಣ ನೀರಿನ ಹಾಗೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಕುರ್ಚಿಗೆ ನೀವು ಹಚ್ಚಿದ್ದು ಐವರಿ ಬ್ಲ್ಯಾಕ್ ಇರಬೇಕು. ಅದು ಎಣ್ಣೆ ಹೆಚ್ಚು ಕುಡಿಯುತ್ತದೆ, ತುಂಬ ನಿಧಾನ ಒಣಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ನಿಧಾನ. ಕೆಳಗೆ ಕಪ್ಪು ಮೆತ್ತಗಿರುವಾಗಲೇ ಮೇಲೆ ಅದಕ್ಕಿಂತ ಬೇಗ ಬಿಗಿಯುವ ಬಿಳಿ ಹಚ್ಚಿದರೆ, ಕೆಳಗಿನದು ಸರಿಯುತ್ತದೆ, ಮೇಲಿನದು ಸೀಳುತ್ತದೆ. ಬಿಳಿಯ ಟ್ಯೂಬಿನ ಮೇಲೆ ಬಣ್ಣದ ಸಂಕೇತ ಪಿಡಬ್ಲ್ಯು 4 (PW4) ಎಂದಿದೆಯೇ ನೋಡಿ. ಅದು ಝಿಂಕ್ ವೈಟ್, ವರ್ಷ ಕಳೆದಂತೆ ಪೆಡಸಾಗುತ್ತದೆ. ಟೈಟೇನಿಯಂ ವೈಟ್ ಎಂದು ಮಾರುವ ಎಷ್ಟೋ ಟ್ಯೂಬುಗಳಲ್ಲೂ ಇದು ಸೇರಿರುತ್ತದೆ. ಬರೀ ಪಿಡಬ್ಲ್ಯು 6, ಅಂದರೆ ಟೈಟೇನಿಯಂ ಮಾತ್ರ, ಇರುವುದನ್ನೇ ಕೊಳ್ಳಿ.

ಇನ್ನು ಮೇಲೆ ಐವರಿ ಬ್ಲ್ಯಾಕಿನ ಬದಲು ಕಂದು ಬರ್ನ್ಟ್ ಅಂಬರ್‌ಗೆ ನೀಲಿ ಅಲ್ಟ್ರಾಮರೀನ್ ಬೆರೆಸಿ ಕಪ್ಪು ಮಾಡಿಕೊಳ್ಳಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಮೊದಲ ಕೋಟಿಗೆ ಬರೀ ಟರ್ಪೆಂಟೈನ್, ಎಣ್ಣೆ ಸೇರಿಸಬೇಡಿ. ಎರಡನೆಯದಕ್ಕೆ ಒಂದು ಪಾಲು ಅಗಸೆ ಎಣ್ಣೆಗೆ ಎರಡು ಪಾಲು ಟರ್ಪೆಂಟೈನ್, ಕೊನೆಯದಕ್ಕೆ ಸಮಪಾಲು. ಹಾರ್ಡ್‌ಬೋರ್ಡಿನ ಮುಂಭಾಗಕ್ಕೆ ಮೂರು ಕೋಟ್ ಅಕ್ರಿಲಿಕ್ ಜೆಸ್ಸೊ (ಬಿಳಿಯ ಅಡಿಲೇಪ) ಹಚ್ಚಿದರಷ್ಟೇ ಸಾಲದು, ಹಿಂಭಾಗಕ್ಕೂ ಅಂಚಿಗೂ ಹಚ್ಚಿ. ಇಲ್ಲವಾದರೆ ತೇವ ಒಂದೇ ಕಡೆಯಿಂದ ಹೊಕ್ಕು ಬೋರ್ಡು ಸೊಟ್ಟಗಾಗುತ್ತದೆ. ತೂಗುಹಾಕುವಾಗ ಹಿಂದಿನ ಕೆಳಮೂಲೆಗಳಿಗೆ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲಿ. ಮುಂಕ್‌ನ 'ಚೀತ್ಕಾರ'ದ (ದ ಸ್ಕ್ರೀಮ್) 1910ರ ಸುಮಾರಿನ ಪ್ರತಿಯಲ್ಲಿ ಕ್ಯಾಡ್ಮಿಯಂ ಹಳದಿ ಮಾಸಿದ್ದಕ್ಕೆ ಬೆಳಕಿಗಿಂತ ತೇವವೇ ಮುಖ್ಯ ಕಾರಣ ಎಂದು 2020ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಗಾಳಿಯ ತೇವಾಂಶ ಶೇ. 45ರೊಳಗಿರಬೇಕಂತೆ. ಸಾಗರದ ಆಷಾಢಕ್ಕೆ ಈ ಮಾತು ಕೇಳಿಸಿದರೆ ನಕ್ಕೀತು.

ಬಿರುಕಿನ ಮೇಲೆ ಹೊಸ ಬಿಳಿ ಮಾತ್ರ ಮೆತ್ತಬೇಡಿ, ಅದೇ ಸೀಳು ಮತ್ತೆ ಮೇಲೆ ಬರುತ್ತದೆ. ಮಳೆ ನಿಂತ ಮೇಲೆ ಪ್ಯಾಲೆಟ್ ನೈಫ್ ಹಿಡಿದು, ಪಂಚೆಯನ್ನೂ ಅದರಡಿಯ ಕಪ್ಪನ್ನೂ ಬೋರ್ಡಿನ ಬಿಳಿ ಕಾಣುವವರೆಗೆ ಕೆರೆಯಿರಿ. ಅಲ್ಲಲ್ಲಿ ಹಳೆಯ ಪಂಚೆಯ ಕಲೆ ಉಳಿಯುತ್ತದೆ. ಹೊಸ ಬಣ್ಣ ಕಲಸುವ ಮೊದಲು ಎರಡು ದಿನ ಅದನ್ನು ಹಾಗೇ ಬಿಟ್ಟು ನೋಡಿ.

— ಸಂ.